ಫಾರ್ಮ್ಯಾಟ್ ಹೊಡೆಸುವ ಮುನ್ನ ಹಾರ್ಡ್ ಡಿಸ್ಕ್‌ನ ನಾಡಿ ಹಿಡಿಯಿರಿ

ಜಮಖಂಡಿಯ ಯಾವುದಾದರೂ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಅರ್ಧ ತಾಸು ಕುಳಿತರೆ ಸಾಕು, ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ.

‘ತಮ್ಮಾ, ಕಂಪ್ಯೂಟರ್ ಭಾಳ ಸ್ಲೋ ಆಗೇತಿ ನೋಡು. ಒಂದ್ ಫೋಟೊ ತೆರೀಬೇಕಂದ್ರ ಚಾ ಕುಡದ್ ಬರಬೌದು.’

‘ವೈರಸ್ ಆಗಿರ್ತೈತ್ರಿ ಅಣ್ಣಾರ. ಫಾರ್ಮ್ಯಾಟ್ ಹೊಡದ್ ಕೊಡ್ತೀನಿ, ಸಂಜಿಕ ಬರ್ರಿ.’

ಆ ಹುಡುಗ ಮೋಸ ಮಾಡುತ್ತಿಲ್ಲ. ಸಂಜೆಗೆ ಕಂಪ್ಯೂಟರ್ ನಿಜಕ್ಕೂ ಚುರುಕಾಗಿರುತ್ತದೆ. ಹಾರ್ಡ್ ಡಿಸ್ಕ್‌ನ ಹಾಳಾದ ಜಾಗ ಹಾಗೇ ಉಳಿದು, ವಿಂಡೋಸ್ ಇನ್ನೊಂದು ಕಡೆ ಹೊಸದಾಗಿ ಕುಳಿತಿರುತ್ತದೆ. ಒಂದೆರಡು ತಿಂಗಳಲ್ಲಿ ಅದೇ ಸಿಪಿಯು ಡಬ್ಬಿ ಅದೇ ಅಂಗಡಿಯ ಮೆಟ್ಟಿಲೇರುತ್ತದೆ. ಆಗ ವಿಂಡೋಸೂ ಏಳುವುದಿಲ್ಲ, ಫೋಟೊಗಳೂ ಸಿಗುವುದಿಲ್ಲ.

ನಮ್ಮ ಭಾಗದಲ್ಲಿ ಹಾರ್ಡ್ ಡಿಸ್ಕ್ ಹೋಯಿತೆಂದರೆ ಹೋಗುವುದು ಆಟದ ಸಾಮಾನಲ್ಲ. ಜಮಖಂಡಿಯ ಸ್ಟುಡಿಯೊದವರಿಗೆ ಅದು ಇಡೀ ಹಂಗಾಮಿನ ಮದುವೆ ಫೋಟೊ. ಆಲ್ಬಮ್ ಇನ್ನೂ ಕೊಟ್ಟಿರುವುದಿಲ್ಲ. ರಬಕವಿ-ಬನಹಟ್ಟಿಯಲ್ಲಿ ಸೀರೆಯ ಜಕಾರ್ಡ್ ಡಿಸೈನ್ ಮಾಡುವವರಿಗೆ ವರ್ಷಗಟ್ಟಲೆ ಕೂಡಿಟ್ಟ ಸೆರಗು, ಅಂಚಿನ ನಮೂನೆಗಳು. ಮುಧೋಳದ ಗೊಬ್ಬರದಂಗಡಿಗೆ ಟ್ಯಾಲಿಯಲ್ಲಿರುವ ಉದ್ರಿ ಲೆಕ್ಕ. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟ ಮನೆಗಳಲ್ಲಿ ಪರಿಹಾರದ ಕಾಗದಗಳ ಸ್ಕ್ಯಾನ್ ಪ್ರತಿ. ಇವು ಯಾವ ಅಂಗಡಿಯಲ್ಲೂ ಮತ್ತೆ ಕೊಳ್ಳಲು ಸಿಗುವುದಿಲ್ಲ. ಡಿಸ್ಕ್ ಸಿಗುತ್ತದೆ.

ಹೀಗಾಗಿ ಡಿಸ್ಕ್ ಮೇಲೆ ಸಂಶಯ ಬಂದಾಗ ಮೊದಲು ನಕಲು, ನಂತರ ಪರೀಕ್ಷೆ, ರಿಪೇರಿಯ ಮಾತು ಎಲ್ಲಕ್ಕೂ ಕೊನೆಗೆ. ಈ ಸಾಲು ಹಿಂದುಮುಂದಾದರೆ ಪರೀಕ್ಷೆಯೇ ಡಿಸ್ಕನ್ನು ಕೊಲ್ಲಬಹುದು. ಇದನ್ನು ನಾನು ಕಲಿತದ್ದು ಕೈ ಸುಟ್ಟುಕೊಂಡು. ಹಿಂದೊಮ್ಮೆ ನನ್ನದೇ ಡಿಸ್ಕ್ ತಡವರಿಸತೊಡಗಿದಾಗ, ನಕಲು ಮಾಡುವ ತಾಳ್ಮೆಯಿಲ್ಲದೆ, ಹಾಳಾದ ಜಾಗಗಳನ್ನು ಹುಡುಕಿ ಸರಿಪಡಿಸುವ ಪರೀಕ್ಷೆಯನ್ನು ರಾತ್ರಿ ಹಚ್ಚಿ ಮಲಗಿದೆ. ಬೆಳಿಗ್ಗೆ ಎದ್ದಾಗ ಪರದೆಯಲ್ಲಿ ಶೇಕಡಾ 11 ಎಂದು ನಿಂತಿತ್ತು, ಡಿಸ್ಕ್ ಒಳಗಿನಿಂದ ಟಕ್ ಟಕ್ ಸದ್ದು ಬರುತ್ತಿತ್ತು. ನಿಲ್ಲಲೂ ಆಗದ ರೋಗಿಯನ್ನು ಊರ ಸುತ್ತ ಓಡಿಸಿದ ಹಾಗಾಗಿತ್ತು.

ಒಳಗೆ ಏನಿದೆ?

ಡಬ್ಬಿಯೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿವೆ. ಡೆಸ್ಕ್‌ಟಾಪ್ ಡಿಸ್ಕ್ ನಿಮಿಷಕ್ಕೆ ಸಾಮಾನ್ಯವಾಗಿ 7,200 ಸುತ್ತು, ಲ್ಯಾಪ್‌ಟಾಪಿನದು ಹೆಚ್ಚಾಗಿ 5,400 ಸುತ್ತು ತಿರುಗುತ್ತದೆ. 7,200 ಸುತ್ತಿನ ದೊಡ್ಡ ತಟ್ಟೆಯ ಅಂಚಿನ ವೇಗವನ್ನು ಲೆಕ್ಕ ಹಾಕಿದರೆ ತಾಸಿಗೆ ಸುಮಾರು 125 ಕಿಲೋಮೀಟರ್ ದಾಟುತ್ತದೆ. ಅದರ ಮೇಲೆ ಓದುವ ತಲೆ, ಅಂದರೆ ಹೆಡ್, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಗಾಳಿಯ ಪದರದ ಮೇಲೆ ತೇಲುತ್ತಿರುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೋಮೀಟರ್. ಇಷ್ಟು ಸಣ್ಣ ಸಂದಿಯಲ್ಲಿ ಒಂದು ಧೂಳಿನ ಕಣ ಸಿಕ್ಕಿದರೂ ಬಂಡೆಗೆ ಬಡಿದ ಹಾಗೆ. ‘ಬಿಚ್ಚಿ ನೋಡ್ತೀನ್ರಿ’ ಎನ್ನುವ ಯಾರ ಕೈಗೂ ಡಿಸ್ಕ್ ಕೊಡಬೇಡಿ.

ತಟ್ಟೆಯ ಮೇಲ್ಮೈ ಸೆಕ್ಟರ್ ಎಂಬ ಸಣ್ಣ ಸಣ್ಣ ಚೌಕಗಳಾಗಿ ಹಂಚಿರುತ್ತದೆ. ಈಗಿನ ಡಿಸ್ಕ್‌ಗಳಲ್ಲಿ ಒಂದು ಚೌಕಕ್ಕೆ 4,096 ಬೈಟ್. ಒಂದು ಟಿಬಿ ಡಿಸ್ಕಿನಲ್ಲಿ ಇಂಥವು 24 ಕೋಟಿಗೂ ಹೆಚ್ಚು. ಇಷ್ಟರಲ್ಲಿ ಕೆಲವು ಕೆಡುವುದು ಸಹಜವೆಂದೇ ಕಾರ್ಖಾನೆಯವರು ಬಿಡಿ ಚೌಕಗಳನ್ನು ಮೀಸಲಿಟ್ಟಿರುತ್ತಾರೆ. ಒಂದು ಕೆಟ್ಟರೆ ಡಿಸ್ಕ್ ತಾನೇ ಅದನ್ನು ಬದಿಗಿಟ್ಟು ಮೀಸಲಿನದನ್ನು ಬಳಸುತ್ತದೆ, ನಮಗೆ ಹೇಳುವುದೂ ಇಲ್ಲ. ಬನಹಟ್ಟಿಯ ನೇಕಾರರಿಗೆ ಇದನ್ನು ವಿವರಿಸಬೇಕಿಲ್ಲ. ಹಾಸಿನಲ್ಲಿ ಒಂದು ಎಳೆ ಹರಿದರೆ ಗಂಟು ಹಾಕಿ ಮಗ್ಗ ಓಡಿಸುತ್ತಾರೆ. ಗಂಟು ಒಂದೆರಡಾದರೆ ಸೀರೆಗೆ ಕುಂದಿಲ್ಲ. ಮೊಳಕ್ಕೊಂದು ಗಂಟು ಬೀಳತೊಡಗಿದರೆ ನೂಲೇ ಕೆಟ್ಟಿದೆ ಎಂದು ಅರ್ಥ.

ಕೆಡುವ ಮುನ್ನ ಕೊಡುವ ಸೂಚನೆ

ಬೋರ್‌ವೆಲ್ ಮೋಟರಿನ ಸದ್ದು ಬದಲಾದರೆ ಬೇರಿಂಗ್ ಹೋಗಿದೆ ಎಂದು ನಮ್ಮ ರೈತರು ದೂರದಿಂದಲೇ ಹೇಳುತ್ತಾರೆ. ಡಿಸ್ಕ್ ವಿಷಯದಲ್ಲೂ ಕಿವಿಯೇ ಮೊದಲ ಉಪಕರಣ. ಸಣ್ಣ ಗುರ್ ಸದ್ದು, ಕೆಲಸ ಮಾಡುವಾಗಿನ ಕಿರುಕುಟು ಸಹಜ. ಒಂದೇ ತಾಳದಲ್ಲಿ ಟಕ್... ಟಕ್... ಟಕ್ ಎಂದರೆ ಹೆಡ್ ತನ್ನ ಜಾಗ ಸಿಗದೆ ಮತ್ತೆ ಮತ್ತೆ ಮೂಲೆಗೆ ಬಡಿಯುತ್ತಿದೆ. ಉಜ್ಜಿದ ಸದ್ದು ಬಂದರೆ ಹೆಡ್ ತಟ್ಟೆಗೆ ತಾಗಿರಬಹುದು. ಸ್ವಿಚ್ ಹಾಕಿದ ಕೂಡಲೇ ಸಣ್ಣಗೆ ಬೀಪ್ ಎಂದು ಸುಮ್ಮನಾದರೆ ತಟ್ಟೆ ತಿರುಗಲಾರದೆ ಸಿಕ್ಕಿಬಿದ್ದಿರಬಹುದು. ಈ ಮೂರರಲ್ಲಿ ಯಾವುದು ಕೇಳಿಸಿದರೂ ಮುಂದಿನ ಹಂತಗಳು ನಿಮಗಲ್ಲ. ಸ್ವಿಚ್ ಆರಿಸಿ, ದತ್ತಾಂಶ ಮರಳಿ ತೆಗೆಯುವ ಪ್ರಯೋಗಾಲಯಕ್ಕೆ ಕಳಿಸಿ. ಬೆಂಗಳೂರು, ಪುಣೆಗಳಲ್ಲಿ ಇವೆ. ಫ್ರಿಜ್‌ನಲ್ಲಿ ಇಡುವುದು, ಬೆರಳಿನಿಂದ ತಟ್ಟುವುದು ಮುಂತಾದ ಮನೆಮದ್ದು ಬೇಡ.

ಒಂದು ಮಾತು. ಎಕ್ಸ್‌ಟರ್ನಲ್ ಡಿಸ್ಕ್ ಟಕ್ ಟಕ್ ಎಂದರೆ ಹೆದರುವ ಮುಂಚೆ ಕೇಬಲ್ ಬದಲಿಸಿ ನೋಡಿ. ಯುಎಸ್‌ಬಿ ಪೋರ್ಟಿನಿಂದ ಸಾಕಷ್ಟು ವಿದ್ಯುತ್ ಸಿಗದಿದ್ದರೂ ಡಿಸ್ಕ್ ಹೀಗೇ ಎದ್ದು ಬಿದ್ದು ಮಾಡುತ್ತದೆ. ಸಿಪಿಯು ಮುಂಭಾಗದ ಪೋರ್ಟ್ ಬಿಟ್ಟು ಹಿಂಭಾಗದ್ದಕ್ಕೆ ಹಚ್ಚಿ. ಒಂದು ಸಲಕ್ಕೇ ಸದ್ದು ನಿಂತರೆ ಸರಿ, ಇಲ್ಲವಾದರೆ ಹತ್ತು ಸಲ ಪ್ರಯತ್ನಿಸಬೇಡಿ.

ಸದ್ದಿಲ್ಲದ ಸೂಚನೆಗಳೂ ಇವೆ. ಒಂದು ಫೋಲ್ಡರ್ ತೆರೆದಾಗ ಮಾತ್ರ ಕಂಪ್ಯೂಟರ್ ಹೆಪ್ಪುಗಟ್ಟಿದಂತೆ ನಿಲ್ಲುವುದು, ಮೊನ್ನೆ ತೆರೆದ ಫೋಟೊ ಇಂದು ಅರ್ಧ ಬೂದುಬಣ್ಣವಾಗುವುದು, ಏಳುವಾಗಲೆಲ್ಲ ವಿಂಡೋಸ್ ತಾನೇ ಡಿಸ್ಕ್ ತಪಾಸಣೆಗೆ ಇಳಿಯುವುದು, ಏಳುವ ಮುನ್ನ ಕಪ್ಪು ಪರದೆಯಲ್ಲಿ ‘ಸ್ಮಾರ್ಟ್ ಸ್ಟೇಟಸ್ ಬ್ಯಾಡ್’ ಎಂದು ಬರುವುದು. ಕೊನೆಯದಂತೂ ಡಿಸ್ಕ್ ಬರೆದುಕೊಟ್ಟ ರಾಜೀನಾಮೆ ಪತ್ರ.

ಹಂತ 1: ನಕಲು

ಇಲ್ಲೊಂದು ತಪ್ಪು ತಿಳಿವಳಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ: ‘ಸಿ ಹೋದ್ರ ಹೋತು, ಎಲ್ಲಾ ಡಿ ಡ್ರೈವ್‌ದಾಗ ಇಟ್ಟೇನ್ರಿ.’ ಸಿ, ಡಿ, ಇ ಎಂದು ಕಾಣುವುದು ಬಹಳಷ್ಟು ಕಂಪ್ಯೂಟರಿನಲ್ಲಿ ಒಂದೇ ಡಿಸ್ಕಿನ ಭಾಗಗಳು. ಫಾರ್ಮ್ಯಾಟ್ ಹೊಡೆದಾಗ ಡಿ ಉಳಿಯುತ್ತದೆ, ನಿಜ. ಡಿಸ್ಕೇ ಸತ್ತರೆ ಮೂರೂ ಒಟ್ಟಿಗೆ ಹೋಗುತ್ತವೆ. ಒಂದೇ ಮಾಳಿಗೆಯಡಿ ಮೂರು ಖೋಲಿ ಇದ್ದಂತೆ. ಮಾಳಿಗೆ ಕುಸಿದರೆ ಯಾವ ಖೋಲಿಯಲ್ಲಿದ್ದರೇನು?

ಆದ್ದರಿಂದ ನಕಲು ಹೋಗಬೇಕಾದದ್ದು ಬೇರೆಯೇ ಡಿಸ್ಕಿಗೆ. ಎಕ್ಸ್‌ಟರ್ನಲ್ ಇಲ್ಲದಿದ್ದರೆ ಒಂದು ದಿನದ ಮಟ್ಟಿಗೆ ಗೆಳೆಯರದ್ದು ತನ್ನಿ. ಮೊದಲು ಬೇಕಾದದ್ದನ್ನು ಮೊದಲು ತೆಗೆಯಿರಿ: ಮನೆಯ ಮತ್ತು ಗಿರಾಕಿಗಳ ಫೋಟೊ, ಟ್ಯಾಲಿಯ ಡೇಟಾ ಫೋಲ್ಡರ್, ನುಡಿಯಲ್ಲಿ ಟೈಪ್ ಮಾಡಿದ ಕಡತಗಳು, ಡಿಸೈನ್ ಫೈಲುಗಳು. ಸಿನಿಮಾ, ಹಾಡು, ಸಾಫ್ಟ್‌ವೇರ್ ಕೊನೆಗೆ, ಆಗದಿದ್ದರೆ ಬಿಡಿ. ‘ಕಟ್’ ಒತ್ತಬೇಡಿ, ‘ಕಾಪಿ’ಯೇ ಮಾಡಿ. ಎಲ್ಲವನ್ನೂ ಒಮ್ಮೆಗೇ ಆರಿಸದೆ ಒಂದೊಂದೇ ಫೋಲ್ಡರ್ ಕಳಿಸಿ. ಎಲ್ಲಿ ನಿಂತಿತು ಎಂದು ಗೊತ್ತಾಗುತ್ತದೆ, ಆ ಫೋಲ್ಡರ್ ಬಿಟ್ಟು ಮುಂದೆ ಹೋಗಬಹುದು. ಟ್ಯಾಲಿಯನ್ನು ಮುಚ್ಚಿ ಆಮೇಲೆ ಅದರ ಫೋಲ್ಡರ್ ನಕಲಿಸಿ.

ನಕಲು ಪದೇ ಪದೇ ಸಿಕ್ಕಿಕೊಳ್ಳುತ್ತಿದ್ದರೆ ವಿಂಡೋಸ್ ಮೂಲಕ ಮುಂದುವರಿಯಬೇಡಿ. ಲಿನಕ್ಸ್ ಹಾಕಿದ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಎಬ್ಬಿಸಿ ‘ಡಿಡಿರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶ ಬಳಸುವುದು ಬಲ್ಲವರಿಗೆ ಗೊತ್ತು. ಅದರ ಜಾಣತನ ಇಷ್ಟೇ: ಮೊದಲ ಸುತ್ತಿನಲ್ಲಿ ಸಲೀಸಾಗಿ ಓದಲು ಬರುವುದನ್ನೆಲ್ಲ ಎತ್ತಿಕೊಂಡು, ತಕರಾರು ಮಾಡುವ ಜಾಗಗಳನ್ನು ಗುರುತು ಹಾಕಿ ಬಿಟ್ಟು, ಅವುಗಳ ಬಳಿ ಕೊನೆಗೆ ಮರಳುತ್ತದೆ. ನಿಮ್ಮ ಅಂಗಡಿಯ ಹುಡುಗನಿಗೆ ಇದು ಬರುತ್ತದೆಯೇ ಎಂದು ಕೇಳಿ. ಬರುತ್ತದೆ ಎಂದರೆ ಆ ಅಂಗಡಿ ಬಿಡಬೇಡಿ.

ಹಂತ 2: ಕೇಬಲ್ ಮತ್ತು ಧೂಳು

ನಕಲು ಕೈಗೆ ಬಂದ ಮೇಲೆ ಡಬ್ಬಿ ತೆರೆಯಿರಿ. ವಿದ್ಯುತ್ ಸಂಪರ್ಕ ಪೂರ್ತಿ ತೆಗೆದಿರಬೇಕು. ಡಿಸ್ಕಿಗೆ ಎರಡು ಕೇಬಲ್ ಬರುತ್ತವೆ, ಒಂದು ವಿದ್ಯುತ್ತಿನದು, ಇನ್ನೊಂದು ತೆಳ್ಳಗಿನ ಸಾಟಾ ಕೇಬಲ್. ಎರಡನ್ನೂ ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿ. ಸಾಟಾ ಕೇಬಲ್ ಹಳತಾಗಿದ್ದರೆ ಬದಲಿಸಿ, ಅಗ್ಗದ ವಸ್ತು. ಡಿಸ್ಕ್ ಹೋಯಿತೆಂದು ಬಂದವುಗಳಲ್ಲಿ ಬರೀ ಕೇಬಲ್ ಸಡಿಲಾದವು ಇರುತ್ತವೆ.

ಪವರ್‌ಲೂಮ್ ಪಕ್ಕದ ಖೋಲಿಯಲ್ಲಿರುವ ಕಂಪ್ಯೂಟರಿನ ಒಳಗೆ ಹತ್ತಿಯ ನವಿರು ಫ್ಯಾನಿಗೆ ಸುತ್ತಿ ಕಂಬಳಿಯಂತೆ ಕುಳಿತಿರುತ್ತದೆ. ಬ್ಲೋವರ್ ಹಿಡಿದು ತೆಗೆಯಿರಿ. ಈ ನವಿರು ಡಿಸ್ಕಿನ ಒಳಗೆ ಹೋಗುವುದಿಲ್ಲ, ಆದರೆ ಗಾಳಿ ಓಡಾಡಲು ಬಿಡುವುದಿಲ್ಲ. ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುವ ಊರಿನಲ್ಲಿ ಡಬ್ಬಿಯೊಳಗಿನ ಪಾಡು ಹೇಳಬೇಕೇ? ಡಿಸ್ಕ್ ಮೇಲೆ ಒಂದು ಸಣ್ಣ ತೂತು ಕಾಣುತ್ತದೆ, ಪಕ್ಕದಲ್ಲಿ ಮುಚ್ಚಬೇಡಿ ಎಂದು ಬರೆದಿರುತ್ತದೆ. ಅದು ಡಿಸ್ಕ್ ಉಸಿರಾಡುವ ದಾರಿ. ಅದರ ಮೇಲೆ ಸ್ಟಿಕರ್ ಹಚ್ಚಬಾರದು, ಬ್ಲೋವರನ್ನೂ ಅದರತ್ತ ಹಿಡಿಯಬಾರದು.

ನಡುಕದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 2008ರ ಕೊನೆಗೆ ಸನ್ ಮೈಕ್ರೋಸಿಸ್ಟಮ್ಸ್‌ನ ಎಂಜಿನಿಯರ್ ಬ್ರೆಂಡನ್ ಗ್ರೆಗ್ ಡಿಸ್ಕ್‌ಗಳ ಮುಂದೆ ನಿಂತು ಜೋರಾಗಿ ಕೂಗಿದ ವಿಡಿಯೊ ಪ್ರಸಿದ್ಧ. ಕೂಗಿದ ಕ್ಷಣಕ್ಕೇ ಡಿಸ್ಕ್‌ಗಳ ಕೆಲಸ ತಡವಾದದ್ದು ಗ್ರಾಫಿನಲ್ಲಿ ಗೋಪುರದಂತೆ ಎದ್ದು ಕಂಡಿತು. ಬರೀ ಕೂಗಿಗೆ ಹೀಗಾದರೆ, ಮಗ್ಗಗಳು ಬಡಿಯುವ ಗೋಡೆಗೆ ತಾಗಿಸಿಟ್ಟ ಟೇಬಲ್ಲಿನ ಮೇಲಿನ ಡಿಸ್ಕಿನ ಗತಿ ಯೋಚಿಸಿ. ಟೇಬಲ್ಲನ್ನು ಗೋಡೆಯಿಂದ ಒಂದು ಗೇಣು ಸರಿಸಿ, ಸಿಪಿಯು ಕೆಳಗೆ ದಪ್ಪ ರಬ್ಬರ್ ಹಾಕಿ. ಗಣಪತಿ ಮೆರವಣಿಗೆಯ ಡಿಜೆ ಅಂಗಡಿ ಮುಂದೆ ನಿಂತಾಗ ದೊಡ್ಡ ಫೈಲ್ ನಕಲಿಸುವುದನ್ನು ನಾನಂತೂ ಮುಂದಕ್ಕೆ ಹಾಕುತ್ತೇನೆ.

ಹಂತ 3: ಡಿಸ್ಕ್ ಬರೆದ ದಿನಚರಿ

ಪ್ರತಿ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಡುತ್ತದೆ. ಇದಕ್ಕೆ ‘ಸ್ಮಾರ್ಟ್’ ಎಂದು ಹೆಸರು. ವಿಂಡೋಸಿನಲ್ಲಿ ಇದನ್ನು ಓದಲು ‘ಕ್ರಿಸ್ಟಲ್‌ಡಿಸ್ಕ್‌ಇನ್ಫೋ’ ಎಂಬ ಜಪಾನಿನ ಉಚಿತ ತಂತ್ರಾಂಶ ಸಾಕು. ಕಾರ್ಟೂನ್ ಹುಡುಗಿಯ ಚಿತ್ರವಿರುವ ಆವೃತ್ತಿಯೂ ಇದೆ, ಗಾಬರಿಯಾಗಬೇಡಿ, ಕೆಲಸ ಅದೇ. ಮೂಲ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಲಿನಕ್ಸ್ ಇದ್ದವರಿಗೆ ‘ಡಿಸ್ಕ್ಸ್’ ಎಂಬುದರಲ್ಲೇ ಈ ಮಾಹಿತಿ ಇರುತ್ತದೆ.

ತೆರೆದ ಕೂಡಲೇ ಬಣ್ಣ ಕಾಣುತ್ತದೆ. ನೀಲಿ ಎಂದರೆ ಒಳ್ಳೆಯದು, ಹಳದಿ ಎಂದರೆ ಎಚ್ಚರ, ಕೆಂಪು ಎಂದರೆ ಕೆಟ್ಟಿದೆ. ಬಹಳ ಜನ ಬಣ್ಣ ನೋಡಿ ಮುಚ್ಚಿಬಿಡುತ್ತಾರೆ. ನೀವು ಕೆಳಗಿನ ಪಟ್ಟಿಗೆ ಇಳಿಯಿರಿ. ಅಲ್ಲಿನ ಅಂಕಿಗಳು ಮೊದಲಿಗೆ ಅಕ್ಷರ ಬೆರೆತ ಹದಿನಾರರ ಲೆಕ್ಕದಲ್ಲಿರುತ್ತವೆ, ತಲೆ ತಿರುಗುತ್ತದೆ. ‘ಫಂಕ್ಷನ್’ ಮೆನುವಿನಲ್ಲಿ ‘ಅಡ್ವಾನ್ಸ್ಡ್ ಫೀಚರ್’, ಅದರೊಳಗೆ ‘ರಾ ವ್ಯಾಲ್ಯೂಸ್’ ಎಂಬಲ್ಲಿ ಹತ್ತರ ಲೆಕ್ಕ ಆರಿಸಿದರೆ ನಮಗೆ ತಿಳಿಯುವ ಅಂಕಿ ಬರುತ್ತದೆ. ಕಟ್ಟಕಡೆಯ ಕಂಬಸಾಲಿನ ಸಂಖ್ಯೆ ಮಾತ್ರ ನೋಡಿ.

05 ಎಂಬ ಸಾಲು, ಬದಲಿಯಾದ ಚೌಕಗಳ ಎಣಿಕೆ. ಆಗಲೇ ಹಾಕಿದ ಗಂಟುಗಳು ಇವು. ಸೊನ್ನೆ ಇದ್ದರೆ ಚೆನ್ನ. ನಾಲ್ಕೋ ಎಂಟೋ ಇದ್ದು ತಿಂಗಳಾದರೂ ಅಷ್ಟೇ ಉಳಿದರೆ ಕಣ್ಣಿಟ್ಟು ಬಳಸಬಹುದು. ವಾರದಿಂದ ವಾರಕ್ಕೆ ಏರಿದರೆ ಬದಲಿಸಿ.

ಸಿ5, ಕಾದು ನಿಂತಿರುವ ಚೌಕಗಳು. ಓದಲು ಬಂದಿಲ್ಲ, ಕೆಟ್ಟಿದೆ ಎಂದು ಇನ್ನೂ ತೀರ್ಮಾನವಾಗಿಲ್ಲ. ಸವೆದು ಜೋತಾಡುವ ಎಳೆ. ನನ್ನ ಲೆಕ್ಕದಲ್ಲಿ 05ಕ್ಕಿಂತ ಇದೇ ಹೆಚ್ಚು ಆತಂಕದ್ದು, ಏಕೆಂದರೆ ಈ ಕ್ಷಣ ನಿಮ್ಮ ಯಾವುದೋ ಫೈಲ್ ಅಲ್ಲಿ ಸಿಕ್ಕಿಕೊಂಡಿರಬಹುದು.

ಸಿ6, ಡಿಸ್ಕ್ ತಾನೇ ಪರೀಕ್ಷಿಸಿ ಸರಿಪಡಿಸಲಾಗದೆ ಕೈಬಿಟ್ಟದ್ದು. ಇದು ಸೊನ್ನೆಗಿಂತ ಹೆಚ್ಚಾಗಿದ್ದರೆ ಹೊಸ ಡಿಸ್ಕಿಗೆ ದುಡ್ಡು ಹೊಂದಿಸಿ.

ಸಿ7 ಬೇರೆ ಜಾತಿ. ಡಿಸ್ಕಿನಿಂದ ಮದರ್‌ಬೋರ್ಡಿಗೆ ಹೋಗುವ ದಾರಿಯಲ್ಲಿ ಆದ ತಪ್ಪುಗಳ ಎಣಿಕೆ. ಇದೊಂದೇ ಹೆಚ್ಚಿದ್ದು ಉಳಿದವು ಸೊನ್ನೆ ಇದ್ದರೆ ತಪ್ಪು ಸಾಮಾನ್ಯವಾಗಿ ಕೇಬಲ್ಲಿನದು. ಕೇಬಲ್ ಬದಲಿಸಿದ ಮೇಲೂ ಹಳೆಯ ಅಂಕಿ ಅಳಿಯುವುದಿಲ್ಲ, ಏರುವುದು ನಿಂತರೆ ಸಾಕು.

09, ಡಿಸ್ಕ್ ಒಟ್ಟು ಎಷ್ಟು ತಾಸು ನಡೆದಿದೆ ಎಂಬುದು. ವರ್ಷಕ್ಕೆ 8,760 ತಾಸು. ಹೊಸದೆಂದು ಕೊಂಡ ಡಿಸ್ಕಿನಲ್ಲಿ ಇದು ಸಾವಿರ ದಾಟಿದ್ದರೆ ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆಯೊಂದಿದೆ.

ಸಿ0, ನಮ್ಮ ಭಾಗದವರು ತಪ್ಪದೆ ನೋಡಬೇಕಾದ ಸಾಲು. ಲೈಟ್ ಹೋದಾಗ ಹೆಡ್ ತಟ್ಟೆಯ ಮೇಲೆ ಬೀಳಬಾರದಲ್ಲ. ತಿರುಗುತ್ತಿರುವ ತಟ್ಟೆಯ ಬಲದಿಂದಲೇ ಒಂದಿಷ್ಟು ವಿದ್ಯುತ್ ಪಡೆದು ಡಿಸ್ಕ್ ತನ್ನ ಹೆಡ್ಡನ್ನು ಬದಿಗೆ ಎಳೆದುಕೊಳ್ಳುತ್ತದೆ. ಹೀಗೆ ಅವಸರದಲ್ಲಿ ಎಳೆದುಕೊಂಡ ಸಲಗಳ ಲೆಕ್ಕ ಸಿ0ಯಲ್ಲಿ ಬೀಳುತ್ತದೆ. ಕಂಪ್ಯೂಟರ್ ಒಟ್ಟು ಎಷ್ಟು ಸಲ ಚಾಲೂ ಆಗಿದೆ ಎಂಬುದು 0ಸಿ ಸಾಲಿನಲ್ಲಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೆಲವು ಕಂಪನಿಗಳು ಸಿ0ಯಲ್ಲಿ ಸರಿಯಾಗಿ ಮುಚ್ಚಿದ್ದನ್ನೂ ಸೇರಿಸುವುದರಿಂದ ಅದೊಂದನ್ನೇ ಹಿಡಿದು ತೀರ್ಪು ಕೊಡಬೇಡಿ. ಆದರೆ ಯುಪಿಎಸ್ ಬ್ಯಾಟರಿ ಸತ್ತು ವರ್ಷವಾದರೂ ಬದಲಿಸದವರ ಅಂಕಿ ಅವರಿಗೇ ಉತ್ತರ ಹೇಳುತ್ತದೆ.

ಉಷ್ಣಾಂಶ ಸಿ2 ಸಾಲಿನಲ್ಲಿದೆ. ಸಾಮಾನ್ಯ ಡಿಸ್ಕ್‌ಗಳಿಗೆ ಕಂಪನಿಯವರೇ ಹಾಕಿದ ಮಿತಿ ಹೆಚ್ಚಾಗಿ 60 ಡಿಗ್ರಿ. 50ರ ಹತ್ತಿರ ನಿಂತಿದ್ದರೆ ಫ್ಯಾನಿನತ್ತ ನೋಡಿ.

ಒಂದು ಸುಳ್ಳು ಗಾಬರಿ ತಪ್ಪಿಸಿಬಿಡುತ್ತೇನೆ. ಸೀಗೇಟ್ ಡಿಸ್ಕ್‌ಗಳಲ್ಲಿ 01 ಮತ್ತು 07 ಸಾಲಿನಲ್ಲಿ ಕೋಟಿಗಟ್ಟಲೆ ಅಂಕಿ ಕಾಣುತ್ತದೆ. ಅದು ಆ ಕಂಪನಿ ಬರೆಯುವ ರೀತಿ. ಅದನ್ನು ತೋರಿಸಿ ಡಿಸ್ಕ್ ಬದಲಿಸಲು ಹೇಳಿದರೆ ಒಪ್ಪಬೇಡಿ.

ಹಾಗಾದರೆ ಎಲ್ಲ ಸಾಲೂ ಸೊನ್ನೆ, ಬಣ್ಣ ನೀಲಿ, ನಿಶ್ಚಿಂತೆಯೇ? ಗೂಗಲ್ ಕಂಪನಿಯವರು ತಮ್ಮ 1 ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೊದಲ ಚೌಕ ಬದಲಿಯಾದ 60 ದಿನಗಳೊಳಗೆ ಡಿಸ್ಕ್ ಕೆಡುವ ಸಂಭವ, ಹಾಗಾಗದ ಡಿಸ್ಕ್‌ಗಿಂತ 14 ಪಟ್ಟು ಹೆಚ್ಚು ಎಂದು ಕಂಡಿತು. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇತ್ತು: ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಶೇ 56ಕ್ಕೂ ಹೆಚ್ಚಿನವು, ಹೆಚ್ಚು ನಂಬಬಹುದಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ತೋರಿಸದೆ ಸತ್ತಿದ್ದವು. ಹಳದಿ ಬಂದರೆ ನಂಬಿ, ನೀಲಿಯನ್ನು ಅರ್ಧ ಮಾತ್ರ ನಂಬಿ.

ಹಂತ 4: ಉತಾರ ಬೇರೆ, ಹೊಲ ಬೇರೆ

ವಿಂಡೋಸ್ ಒಳಗೇ ಇರುವ ತಪಾಸಣೆಯನ್ನು ಹಾರ್ಡ್ ಡಿಸ್ಕ್ ಪರೀಕ್ಷೆ ಎಂದು ತಿಳಿಯುವವರೇ ಹೆಚ್ಚು. ‘ದಿಸ್ ಪಿಸಿ’ ತೆರೆದು ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ಪ್ರಾಪರ್ಟೀಸ್’, ‘ಟೂಲ್ಸ್’, ‘ಚೆಕ್’ ಒತ್ತಿದರೆ ನಡೆಯುವುದು ಅದೇ. ಅದು ನೋಡುವುದು ಉತಾರವನ್ನು: ಯಾವ ಫೈಲ್ ಎಲ್ಲಿದೆ ಎಂಬ ದಾಖಲೆ ಸರಿಯಿದೆಯೇ ಎಂದು. ದಾಖಲೆ ತಪ್ಪಿದ್ದೂ ಹೊಲ, ಅಂದರೆ ಡಿಸ್ಕಿನ ತಟ್ಟೆ, ಚೆನ್ನಾಗಿರಬಹುದು, ಲೈಟ್ ಹೋದಾಗ ಆಗುವುದು ಹೆಚ್ಚಾಗಿ ಇದೇ. ದಾಖಲೆ ಸರಿಯಿದ್ದೂ ಹೊಲ ಕೊಚ್ಚಿಹೋಗಿರಬಹುದು.

ಹೊಲವನ್ನು ಗೇಣು ಗೇಣು ಅಳೆಯಲು ಡಿಸ್ಕ್ ಕಂಪನಿಯ ತಂತ್ರಾಂಶವೇ ಒಳ್ಳೆಯದು. ಸೀಗೇಟ್‌ನವರದು ‘ಸೀಟೂಲ್ಸ್’, ವೆಸ್ಟರ್ನ್ ಡಿಜಿಟಲ್‌ನವರದು ‘ಡ್ಯಾಶ್‌ಬೋರ್ಡ್’. ಎರಡೂ ಉಚಿತ. ಚಿಕ್ಕ ಪರೀಕ್ಷೆ ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ. ದೊಡ್ಡದು ಪ್ರತಿ ಚೌಕವನ್ನೂ ಓದುತ್ತದೆ. ಸೆಕೆಂಡಿಗೆ 120 ಎಂಬಿ ಓದುವ 1 ಟಿಬಿ ಡಿಸ್ಕಿಗೆ ಎರಡೂವರೆ ತಾಸು ಹಿಡಿಯಿರಿ, ಹಳೆಯದಾದರೆ ಇನ್ನೂ ಹೆಚ್ಚು. ಇಂಥ ತಂತ್ರಾಂಶಗಳಲ್ಲಿ ಅಳಿಸುವ ಆಯ್ಕೆಯೂ ಇರಬಹುದು. ‘ಇರೇಸ್’ ಎಂದು ಬರೆದ ಗುಂಡಿಯ ಹತ್ತಿರ ಸುಳಿಯಬೇಡಿ. ಡೆಲ್ ಲ್ಯಾಪ್‌ಟಾಪ್ ಆದರೆ ಏಳುವಾಗ ಎಫ್12, ಎಚ್‌ಪಿ ಆದರೆ ಎಫ್2 ಒತ್ತಿದರೂ ಅವರದೇ ಪರೀಕ್ಷೆ ಸಿಗುತ್ತದೆ. ವಿಂಡೋಸೇ ಏಳದಿದ್ದಾಗ ಇದು ಉಪಯೋಗ.

ವಿಂಡೋಸ್‌ನ ಚೆಕ್‌ಡಿಸ್ಕ್ ಆಜ್ಞೆಗೆ ‘ಆರ್’ ಸೇರಿಸಿದರೆ ಅದೂ ಹಾಳಾದ ಚೌಕ ಹುಡುಕಲು ಇಳಿಯುತ್ತದೆ. ನಾನು ಹಚ್ಚಿ ಮಲಗಿದ್ದು ಅದನ್ನೇ. ನಕಲು ಕೈಯಲ್ಲಿಲ್ಲದೆ ಅದನ್ನು ಮುಟ್ಟಬೇಡಿ.

ಇನ್ನೊಂದು ಸಾಕ್ಷಿ ವಿಂಡೋಸ್ ಬಳಿಯೇ ಇದೆ. ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಇವೆಂಟ್ ವ್ಯೂವರ್’, ಅದರಲ್ಲಿ ‘ವಿಂಡೋಸ್ ಲಾಗ್ಸ್’, ‘ಸಿಸ್ಟಮ್’ ತೆರೆಯಿರಿ. ಮೂಲ ‘ಡಿಸ್ಕ್’ ಎಂದಿದ್ದು ಸಂಖ್ಯೆ 7 ಇದ್ದರೆ ಹಾಳಾದ ಚೌಕ ಎದುರಾಗಿದೆ. 153 ಇದ್ದರೆ ಒಂದು ಸಲಕ್ಕೆ ಓದಲಾಗದೆ ಮತ್ತೆ ಪ್ರಯತ್ನಿಸಬೇಕಾಗಿದೆ. ಕಂಪ್ಯೂಟರ್ ಹೆಪ್ಪುಗಟ್ಟಿದ ಹೊತ್ತಿಗೂ ಈ ಸಾಲುಗಳ ಹೊತ್ತಿಗೂ ತಾಳೆಯಾದರೆ ವೈರಸ್ಸಿನ ಮಾತು ಅಲ್ಲಿಗೆ ಮುಗಿಯಿತು.

ಎಸ್‌ಎಸ್‌ಡಿ ಇದ್ದವರಿಗೆ

ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ, ಸದ್ದಿಲ್ಲ, ನಡುಕಕ್ಕೆ ಅಂಜಿಕೆಯಿಲ್ಲ. ಆದರೆ ಮುನ್ಸೂಚನೆಯೇ ಇಲ್ಲದೆ ಒಂದು ಬೆಳಿಗ್ಗೆ ಕಾಣದಾಗುವುದು ಇದರ ಗುಣ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಶೇಕಡಾ ಲೆಕ್ಕದಲ್ಲಿ ಉಳಿದ ಆಯುಸ್ಸು ತೋರಿಸುತ್ತದೆ. ಅದು ಬರೆದು ಬರೆದು ಸವೆದದ್ದರ ಲೆಕ್ಕ ಮಾತ್ರ. ಎಸ್‌ಎಸ್‌ಡಿಯಲ್ಲಿ ಫೋಟೊ ತುಂಬಿ ವರ್ಷಗಟ್ಟಲೆ ತಿಜೋರಿಯಲ್ಲಿಡಬೇಡಿ. ವಿದ್ಯುತ್ ಇಲ್ಲದೆ ಬಹುಕಾಲ ಬಿದ್ದರೆ ಅದರೊಳಗಿನ ವಿದ್ಯುದಾವೇಶ ಸೋರಿ ಮಾಹಿತಿ ಅಳಿಯಬಹುದು. ವಿಂಡೋಸ್‌ಗೆ ಎಸ್‌ಎಸ್‌ಡಿ, ಫೋಟೊ ಕೂಡಿಡಲು ಹಾರ್ಡ್ ಡಿಸ್ಕ್, ಹೀಗೆ ಹಂಚಿಕೊಳ್ಳುವುದು ಸ್ಟುಡಿಯೊದವರಿಗೆ ಹೊಂದುತ್ತದೆ.

ನೀರು ಹೊಕ್ಕರೆ

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಎರಡೂ ತುಂಬಿ ಜಮಖಂಡಿ, ಮುಧೋಳ ತಾಲ್ಲೂಕಿನ ಹೊಳೆಸಾಲಿನ ಊರುಗಳು ನೀರಲ್ಲಿ ನಿಂತದ್ದನ್ನು ಯಾರೂ ಮರೆತಿಲ್ಲ. ಅಂಥ ಹೊತ್ತಿನಲ್ಲಿ ಕಂಪ್ಯೂಟರ್ ಯಾರ ನೆನಪಿಗೂ ಬರುವುದಿಲ್ಲ, ಬರಬೇಕಿಲ್ಲ. ನೀರು ಇಳಿದ ಮೇಲೆ ಒಂದು ವಿಷಯ ನೆನಪಿರಲಿ: ಒಣಗಿದೆ ಎಂದು ಸ್ವಿಚ್ ಹಾಕಬೇಡಿ. ನಾನು ಮೇಲೆ ಹೇಳಿದ ಉಸಿರಾಟದ ತೂತಿನಿಂದ ರಾಡಿ ನೀರು ಒಳಗೆ ಹೋಗಿರುತ್ತದೆ. ತಟ್ಟೆ ತಿರುಗಿದ ಮೊದಲ ಸುತ್ತಿನಲ್ಲೇ ಆ ಕೆಸರು ಮರಳು ಕಾಗದದ ಕೆಲಸ ಮಾಡುತ್ತದೆ. ಬಿಸಿಲಿಗೂ ಇಡಬೇಡಿ, ಅಕ್ಕಿ ಡಬ್ಬಿಯಲ್ಲೂ ಹೂಳಬೇಡಿ. ಕೆಸರು ಒಣಗಿ ತಟ್ಟೆಗೆ ಅಂಟಿದರೆ ತೆಗೆಯುವುದು ಇನ್ನೂ ಕಷ್ಟ. ಒದ್ದೆಯಾಗಿದ್ದಂತೆಯೇ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪ್ರಯೋಗಾಲಯಕ್ಕೆ ಕಳಿಸಿ. ಅದರ ಖರ್ಚು ಸಣ್ಣದಲ್ಲ, ಒಳಗಿರುವುದು ಆ ಬೆಲೆಯದೇ ಎಂದು ಮೊದಲೇ ತೂಗಿ ನೋಡಿ.

ಅಂದಹಾಗೆ ಡಿಸ್ಕ್ ತಯಾರಿಸುವವರನ್ನೂ ನೆರೆ ಬಿಟ್ಟಿಲ್ಲ. 2011ರಲ್ಲಿ ಥಾಯ್ಲೆಂಡಿನ ಮಹಾಪೂರಕ್ಕೆ ವೆಸ್ಟರ್ನ್ ಡಿಜಿಟಲ್ ಕಾರ್ಖಾನೆ ಮುಳುಗಿ, ಜಗತ್ತಿನಾದ್ಯಂತ ಹಾರ್ಡ್ ಡಿಸ್ಕ್ ಬೆಲೆ ಜಿಗಿದಿತ್ತು.

ಬದಲಿಸುವಾಗ

ಡಿಸ್ಕಿನ ಮೇಲಿನ ಸೀರಿಯಲ್ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿದರೆ ವಾರಂಟಿ ಉಳಿದಿದೆಯೇ ಎಂದು ತಿಳಿಯುತ್ತದೆ. ವಾರಂಟಿಯಲ್ಲಿ ಸಿಗುವುದು ಬೇರೆ ಡಿಸ್ಕ್, ನಿಮ್ಮ ಫೋಟೊಗಳಲ್ಲ. ಹಳೆಯದು ವಾಪಸ್ ಬರುವುದೂ ಇಲ್ಲ. ಓದಲು ಬರುತ್ತಿದ್ದರೆ ಕೊಡುವ ಮುನ್ನ ಪೂರ್ತಿ ಅಳಿಸಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅಂಗಡಿಯಲ್ಲೇ ಸ್ಮಾರ್ಟ್ ಪಟ್ಟಿ ತೆರೆಸಿ 05, ಸಿ5, ಸಿ6, 09 ನೋಡಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಹೊಸದಕ್ಕೂ ಮೊದಲ ದಿನವೇ ದೊಡ್ಡ ಪರೀಕ್ಷೆ ನಡೆಸಿ. ಖಾಲಿ ಇದ್ದಾಗ ಕೆಟ್ಟರೆ ಬದಲಿಸಿ ಕೊಡುತ್ತಾರೆ, ಅಷ್ಟೇ. ಪಟ್ಟಿಯ ಆ ಮೊದಲ ಫೋಟೊ ಇಟ್ಟುಕೊಂಡು ಮೂರು ತಿಂಗಳಿಗೊಮ್ಮೆ ಹೋಲಿಸಿ. ದೀಪಾವಳಿಯ ಲಕ್ಷ್ಮೀಪೂಜೆಗೆ ಹೊಸ ವಹಿ ತೆರೆಯುವ ಅಂಗಡಿಯವರು ಆವತ್ತೇ ಒಂದು ಸಲ ಟ್ಯಾಲಿಯ ನಕಲು ಎಕ್ಸ್‌ಟರ್ನಲ್‌ಗೆ ಹಾಕಿ, ಆ ಡಿಸ್ಕನ್ನು ಅಂಗಡಿಯಲ್ಲಿಡದೆ ಮನೆಗೆ ಒಯ್ಯಬಹುದು.

ಸತ್ತ ಡಿಸ್ಕನ್ನು ಮಾತ್ರ ಹಾಗೇ ಮೋಡಕಾದವರ, ಅಂದರೆ ಗುಜರಿಯವರ, ತಕ್ಕಡಿಗೆ ಹಾಕಬೇಡಿ. ಆನ್‌ಲೈನ್ ಸೆಂಟರ್ ನಡೆಸುವವರ ಡಿಸ್ಕಿನಲ್ಲಿ ಊರಿನ ಅರ್ಧ ಜನರ ಆಧಾರ್, ಪಾಸ್‌ಬುಕ್ಕು ಸ್ಕ್ಯಾನ್ ಆಗಿ ಕುಳಿತಿರುತ್ತದೆ. ಏಳದ ಡಿಸ್ಕಿನ ತಟ್ಟೆಯನ್ನೂ ಬಲ್ಲವರು ಓದಬಲ್ಲರು. ಬಡಗಿಯ ಹತ್ತಿರ ಒಯ್ದು ಡ್ರಿಲ್‌ನಿಂದ ನಾಲ್ಕು ಕಡೆ ಆರ್‌ಪಾರ್ ತೂತು ಹೊಡೆಸಿ. ಲ್ಯಾಪ್‌ಟಾಪಿನ ಸಣ್ಣ ಡಿಸ್ಕ್ ಆದರೆ ತಟ್ಟೆ ಗಾಜಿನದಿರಬಹುದು, ಸಿಡಿಯುತ್ತದೆ. ಹಳೆಯ ಗೋಣಿಪಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಹೊಡೆಯಲು ಹೇಳಿ.